ಗಾಳಿಯ ಮನೆ ಪ್ರಯೋಗಗಳು: ಮೇಣದಬತ್ತಿ, ಕಾಗದದ ಪಟ್ಟಿ, ತಲೆಕೆಳಗಾದ ಲೋಟ ಇವುಗಳಿಗೆ ಸರಿಯಾದ ವಿವರಣೆ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹತ್ತರಿಂದ ಹದಿಮೂರು ವರ್ಷದ ಒಂದಷ್ಟು ಮಕ್ಕಳಿಗೆ, ಮನೆಯಲ್ಲಿ ಕೈಗೆ ಸಿಗುವ ಲೋಟ, ಬಾಟಲಿ, ಕಾಗದ, ಬಲೂನುಗಳಿಂದಲೇ ವಾತಾವರಣದ ಒತ್ತಡದ ಮತ್ತು ಬೀಸುವ ಗಾಳಿಯ ಪ್ರಯೋಗಗಳನ್ನು ಮಾಡಿಸಬೇಕೆಂದಿದ್ದೇನೆ. ಪ್ರಯೋಗಗಳಿಗೇನೂ ಕೊರತೆಯಿಲ್ಲ, ತೊಡಕಿರುವುದು ಅವುಗಳ ಜೊತೆಗೆ ಬರುವ ವಿವರಣೆಗಳಲ್ಲಿ. ಒಂದೇ ಪ್ರಯೋಗಕ್ಕೆ ಎರಡು ಕಡೆ ಎರಡು ಕಾರಣಗಳನ್ನು ಕೊಟ್ಟಿರುತ್ತಾರೆ, ಮಕ್ಕಳು ಕೇಳುವ ಮರುಪ್ರಶ್ನೆಗೆ ಎರಡರಲ್ಲಿಯೂ ಉತ್ತರ ಸಿಗುವುದಿಲ್ಲ.

ಮೊದಲನೆಯದು, ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಅದರ ಮೇಲೆ ಗಾಜಿನ ಲೋಟ ಕವುಚುವ ಪ್ರಯೋಗ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖರ್ಚಾಗಿ ಆ ಜಾಗವನ್ನು ನೀರು ತುಂಬಿಕೊಂಡಿತು, ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ ಇರುವುದರಿಂದ ನೀರೂ ಅಷ್ಟೇ ಏರುತ್ತದೆ ಎಂಬ ವಿವರಣೆಯನ್ನು ನಾನು ಓದಿದ್ದೆ. ಆದರೆ ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟಾಗ, ಲೋಟ ಅದೇ ಆಗಿದ್ದರೂ ನೀರು ಬಹಳ ಮೇಲಕ್ಕೆ ಏರಿತು. ಎರಡನೆಯದು, ತುಟಿಯ ಬಳಿ ಹಿಡಿದ ಕಾಗದದ ಪಟ್ಟಿಯ ಮೇಲ್ಭಾಗಕ್ಕೆ ಊದಿದರೆ ಪಟ್ಟಿ ಮೇಲೇಳುವ ಪ್ರಯೋಗ. ವೇಗವಾಗಿ ಚಲಿಸುವ ಗಾಳಿಯಲ್ಲಿ ಒತ್ತಡ ಕಡಿಮೆ ಎಂದು ನಾನು ಹೇಳಿದ ಕೂಡಲೇ ಒಬ್ಬ ಹುಡುಗಿ, ಹಾಗಾದರೆ ಫ್ಯಾನಿನ ಮುಂದೆ ಕುಳಿತಾಗ ನನ್ನ ಸುತ್ತಲಿನ ಒತ್ತಡವೂ ಕಡಿಮೆಯಾಗುತ್ತದೆಯೇ ಎಂದು ಕೇಳಿದಳು. ಮೂರನೆಯದು, ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡುವುದು. ಲೋಟ ತುಂಬಾ ನೀರಿದ್ದರೆ ಕಾರಣ ಅರ್ಥವಾಗುತ್ತದೆ. ಅರ್ಧ ಲೋಟ ನೀರಿದ್ದು ಒಳಗೆ ಗಾಳಿಯೂ ಇದ್ದಾಗ, ಒಳಗಿನ ಗಾಳಿಯ ಒತ್ತಡವೂ ಹೊರಗಿನಷ್ಟೇ ಅಲ್ಲವೇ? ಆಗಲೂ ರಟ್ಟು ಬೀಳದಿರುವುದು ಏಕೆ?

ತಿಳಿದವರು ದಯವಿಟ್ಟು ವಿವರಿಸಬೇಕು. ಮಕ್ಕಳೇ ಮಾಡಿ ನೋಡಿ ಒಪ್ಪಿಕೊಳ್ಳುವಂತಹ ಪರೀಕ್ಷೆಗಳಿದ್ದರೆ ಇನ್ನೂ ಒಳ್ಳೆಯದು.

ಉತ್ತರ 1

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಗುಂಪಿನ ಪ್ರಯೋಗಗಳು ಬೆರೆತಿವೆ. ಅವನ್ನು ಬಿಡಿಸಿಟ್ಟರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ. ಲೋಟ, ಮೇಣದಬತ್ತಿ, ಕುಗ್ಗುವ ಬಾಟಲಿ, ಸ್ಟ್ರಾ ಇವೆಲ್ಲ ನಿಂತ ಗಾಳಿಯ ಒತ್ತಡಕ್ಕೆ ಸೇರಿದವು. ಸಮುದ್ರ ಮಟ್ಟದಲ್ಲಿ ಈ ಒತ್ತಡ ಸುಮಾರು 1,01,325 ಪ್ಯಾಸ್ಕಲ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಭಾರ. ಕಾಗದದ ಪಟ್ಟಿ, ಹೇರ್ ಡ್ರೈಯರ್ ಮೇಲೆ ತೇಲುವ ಚೆಂಡು ಮುಂತಾದವು ಚಲಿಸುವ ಗಾಳಿಗೆ ಸೇರಿದವು, ಮತ್ತು ಇಲ್ಲಿ ಕೆಲಸ ಮಾಡುವ ಒತ್ತಡದ ವ್ಯತ್ಯಾಸ ತೀರಾ ಸಣ್ಣದು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೂ ಹುಟ್ಟುವ ಹೆಚ್ಚುವರಿ ಒತ್ತಡ ಸುಮಾರು 60 ಪ್ಯಾಸ್ಕಲ್ ಮಾತ್ರ. ವಾತಾವರಣದ ಒತ್ತಡದಲ್ಲಿ ಅದು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಇಷ್ಟು ಸಣ್ಣ ಒತ್ತಡ ಕಾಗದವನ್ನು ಎತ್ತುವುದು ಹೇಗೆಂದರೆ, ಚದರ ಮೀಟರಿಗೆ 80 ಗ್ರಾಂ ತೂಗುವ ಮಾಮೂಲಿ ಹಾಳೆ ತನ್ನ ಕೆಳಗಿನ ಮೇಲ್ಮೈಯನ್ನು ಒತ್ತುವುದು ಸುಮಾರು 0.8 ಪ್ಯಾಸ್ಕಲ್‌ನಷ್ಟು ಮಾತ್ರ. ಹಾಳೆ ಅಷ್ಟು ಹಗುರ, ಅಷ್ಟೇ.

ಈಗ ಲೋಟದ ವಿಷಯ. ಬಾಯಿಯ ವ್ಯಾಸ 7 ಸೆಂಟಿಮೀಟರ್, ಎತ್ತರ 10 ಸೆಂಟಿಮೀಟರ್ ಇರುವ ನೇರ ಗೋಡೆಯ ಲೋಟವನ್ನು ತೆಗೆದುಕೊಳ್ಳಿ. ತುಂಬಿದಾಗ ಅದರಲ್ಲಿ 400 ಗ್ರಾಮಿಗಿಂತ ಸ್ವಲ್ಪ ಕಡಿಮೆ ನೀರಿರುತ್ತದೆ, ಆದರೆ ಕೆಳಗಿನಿಂದ ರಟ್ಟಿನ ಮೇಲೆ ವಾತಾವರಣ ಒತ್ತುವ ಬಲ ಸುಮಾರು 40 ಕಿಲೋಗ್ರಾಂ ಭಾರಕ್ಕೆ ಸಮ. ಲೋಟ ತುಂಬಿದ್ದಾಗ ಲೆಕ್ಕ ಸುಲಭ. ಅರ್ಧ ತುಂಬಿದ್ದಾಗ ನಡೆಯುವುದು ಹೆಚ್ಚು ಸ್ವಾರಸ್ಯಕರ. ತಲೆಕೆಳಗು ಮಾಡಿದ ಕ್ಷಣ ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ ಒತ್ತಡದಲ್ಲಿರುವುದು ನಿಜ, ಹಾಗಾಗಿ ನೀರು ಕೆಳಗೆ ಜಾರಲು ಹೊರಡುತ್ತದೆ. ಆದರೆ ಅದು ಜಾರಿದಂತೆಲ್ಲ ಒಳಗೆ ಸಿಕ್ಕಿಬಿದ್ದಿರುವ ಗಾಳಿ ಹಿಗ್ಗಬೇಕಾಗುತ್ತದೆ, ಹಿಗ್ಗಿದಂತೆ ಅದರ ಒತ್ತಡ ಇಳಿಯುತ್ತದೆ. 5 ಸೆಂಟಿಮೀಟರ್ ನೀರಿನ ಕಂಬವನ್ನು ತೂಗಿಹಿಡಿಯಲು ಒಳಗಿನ ಒತ್ತಡ ಅರ್ಧ ಪ್ರತಿಶತ ಇಳಿದರೆ ಸಾಕು, ಮತ್ತು ಅದಕ್ಕೆ ನೀರು ಕಾಲು ಮಿಲಿಮೀಟರ್ ಮಾತ್ರ ಕೆಳಗಿಳಿದರೆ ಸಾಕು. ಒಂದು ಮಿಲಿಲೀಟರಿನಷ್ಟು ನೀರು ತೊಟ್ಟಿಕ್ಕಿಯೋ ರಟ್ಟು ಸ್ವಲ್ಪ ಕೆಳಗೆ ಉಬ್ಬಿಯೋ ಅಷ್ಟು ಜಾಗ ಸಿಗುತ್ತದೆ. ರಟ್ಟಿಗೂ ಅಂಚಿಗೂ ನಡುವೆ ಉಳಿಯುವ ಕೂದಲೆಳೆಯಷ್ಟು ಸಂದಿಯನ್ನು ನೀರಿನ ಮೇಲ್ಮೈ ಸೆಳೆತ ಮುಚ್ಚಿಹಿಡಿಯುವುದರಿಂದ ಹೊರಗಿನ ಗಾಳಿ ಒಳನುಗ್ಗುವುದಿಲ್ಲ.

ಇದನ್ನು ಮಕ್ಕಳಿಗೆ ತೋರಿಸಲು ಗಾಜಿನ ಲೋಟದ ಬದಲು ಬಳಸಿ ಎಸೆಯುವ ಕಪ್ಪನ್ನು ತೆಗೆದುಕೊಂಡು ಅದರ ತಳಕ್ಕೆ ಗುಂಡುಪಿನ್ನಿನಿಂದ ಒಂದು ತೂತು ಮಾಡಿ. ತೂತನ್ನು ಬೆರಳಿನಿಂದ ಮುಚ್ಚಿಕೊಂಡು ಅರ್ಧ ನೀರು ತುಂಬಿ, ರಟ್ಟು ಇಟ್ಟು ಕವುಚಿ. ರಟ್ಟು ನಿಲ್ಲುತ್ತದೆ. ಬೆರಳನ್ನು ತೆಗೆದ ಕೂಡಲೇ ರಟ್ಟೂ ನೀರೂ ಒಟ್ಟಿಗೆ ಬೀಳುತ್ತವೆ. ರಟ್ಟಿಗೆ ಅಂಟಿನ ಗುಣವಿದೆ, ನೀರು ಅದನ್ನು ಹಿಡಿದುಕೊಂಡಿದೆ ಎಂದು ವಾದಿಸುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಬಕೆಟ್ಟಿನ ಮೇಲೆ ಮಾಡಿಸಿ.

ಒಂದು ಎಚ್ಚರಿಕೆ: ಮೇಜಿನ ಅಂಚಿನಿಂದ ಹೊರಚಾಚಿದ ಅಳತೆಪಟ್ಟಿಯ ಮೇಲೆ ದಿನಪತ್ರಿಕೆ ಹರಡಿ, ಪಟ್ಟಿಗೆ ಏಟು ಹಾಕುವ ಪ್ರಯೋಗದಲ್ಲಿ ‘ಸಾವಿರಾರು ಕಿಲೋ ಗಾಳಿ ಪತ್ರಿಕೆಯ ಮೇಲೆ ಕುಳಿತಿದೆ’ ಎಂದು ಹೇಳುವುದುಂಟು. ಅದೇ ಪಟ್ಟಿಯನ್ನು ನಿಧಾನವಾಗಿ ಒತ್ತಿದರೆ ಪತ್ರಿಕೆ ಸರಾಗವಾಗಿ ಮೇಲೇಳುತ್ತದೆ, ಏಕೆಂದರೆ ಕೆಳಗಿನ ಗಾಳಿಯೂ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಥಟ್ಟನೆ ಹೊಡೆದಾಗ ಕೆಳಗೆ ಗಾಳಿ ನುಗ್ಗಲು ಸಮಯ ಸಾಲದೆ, ಆ ಒಂದು ಕ್ಷಣ ಮಾತ್ರ ಮೇಲಿನ ಒತ್ತಡ ಗೆಲ್ಲುತ್ತದೆ.

ಉತ್ತರ 2

ಮೇಣದಬತ್ತಿಯ ಬಗ್ಗೆ ನಾನು ಬರೆಯುತ್ತೇನೆ. ಆಮ್ಲಜನಕದ ವಿವರಣೆ ಬಹಳ ಕಡೆ ಅಚ್ಚಾಗಿದೆ, ಆದರೂ ಅದು ನಿಲ್ಲುವುದಿಲ್ಲ; ನಿಮ್ಮ ಮೂರು ಬತ್ತಿಗಳೇ ಅದನ್ನು ಬೀಳಿಸಿವೆ. ಲೋಟದೊಳಗಿನ ಆಮ್ಲಜನಕ ಎಷ್ಟು ಬತ್ತಿ ಇಟ್ಟರೂ ಅಷ್ಟೇ ಇರುವುದರಿಂದ, ನೀರು ಏರಬೇಕಾದದ್ದೂ ಅಷ್ಟೇ ಆಗಬೇಕಿತ್ತು.

ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪ್ರತಿಶತ ಇದೆ, ಮತ್ತು ಅದು 16 ಪ್ರತಿಶತದ ಸುತ್ತಮುತ್ತ ಇಳಿದಾಗಲೇ ಬತ್ತಿ ಆರಿಹೋಗುತ್ತದೆ. ಅಂದರೆ ಆಮ್ಲಜನಕದ ಬಹುಪಾಲು ಖರ್ಚಾಗದೆ ಹಾಗೆಯೇ ಉಳಿದಿರುತ್ತದೆ. ಖರ್ಚಾದ ಐದು ಪಾಲಿನ ಜಾಗವೂ ಖಾಲಿ ಬೀಳುವುದಿಲ್ಲ: ಮೇಣ ಉರಿದಾಗ ಮೂರು ಪಾಲು ಆಮ್ಲಜನಕಕ್ಕೆ ಹೆಚ್ಚುಕಡಿಮೆ ಎರಡು ಪಾಲು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಮತ್ತು ಅದು ಇಷ್ಟು ಅಲ್ಪ ಸಮಯದಲ್ಲಿ ನೀರಿನಲ್ಲಿ ಹೇಳಿಕೊಳ್ಳುವಷ್ಟು ಕರಗುವುದಿಲ್ಲ. ಜೊತೆಗೆ ಹುಟ್ಟುವ ನೀರಾವಿ ಲೋಟದ ಗೋಡೆಯ ಮೇಲೆ ಮಂಜಾಗಿ ಕೂರುತ್ತದೆ. ಲೆಕ್ಕ ಹಾಕಿದರೆ ಈ ಕಾರಣದಿಂದ ನೀರು ಏರಬಹುದಾದದ್ದು ಲೋಟದ ಎರಡು ಪ್ರತಿಶತದಷ್ಟು.

ಉಳಿದದ್ದೆಲ್ಲ ಶಾಖದ ಕೆಲಸ. ಲೋಟವನ್ನು ಜ್ವಾಲೆಯ ಮೇಲೆ ಇಳಿಸುವಾಗಲೇ ಅದರೊಳಕ್ಕೆ ಬಿಸಿಯಾಗಿ ಹಿಗ್ಗಿದ ಗಾಳಿ ತುಂಬಿಕೊಳ್ಳುತ್ತದೆ. ಹೆಚ್ಚಾದ ಗಾಳಿ ಅಂಚಿನ ಕೆಳಗಿನಿಂದ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಹೊರಗಿನ ವಾತಾವರಣ ತಟ್ಟೆಯ ನೀರನ್ನು ಒಳಗೆ ತಳ್ಳುತ್ತದೆ. ಒಳಗಿನ ಗಾಳಿ ಸರಾಸರಿ 127 ಡಿಗ್ರಿ ಸೆಲ್ಸಿಯಸ್‌ನಿಂದ 27 ಡಿಗ್ರಿಗೆ ಇಳಿಯಿತು ಎಂದಿಟ್ಟುಕೊಂಡರೆ ಅದರ ಗಾತ್ರ ಕಾಲು ಭಾಗ ಕುಗ್ಗುತ್ತದೆ. ಕೆಲವೊಮ್ಮೆ ನೀರು ಐದನೇ ಒಂದು ಭಾಗದ ಹತ್ತಿರ ನಿಂತುಬಿಡುವುದು ಬರಿಯ ಕಾಕತಾಳೀಯ. ಆ ಕಾಕತಾಳೀಯವೇ ತಪ್ಪು ವಿವರಣೆಗೆ ಇಷ್ಟು ದೀರ್ಘಾಯುಷ್ಯ ಕೊಟ್ಟಿದೆ ಎಂದು ನನಗನ್ನಿಸುತ್ತದೆ.

ಮಕ್ಕಳಿಗೆ ಹೇಳಬೇಡಿ, ನೋಡಲು ಬಿಡಿ. ನೀರಿಗೆ ಸ್ವಲ್ಪ ಬಣ್ಣ ಬೆರೆಸಿ, ಅಂಚಿನಲ್ಲಿ ಗುಳ್ಳೆಗಳು ಹೊರಬರುತ್ತವೆಯೇ ಎಂದು ಗಮನಿಸಲು ಒಬ್ಬರಿಗೆ, ಬತ್ತಿ ಆರಿದ ಕ್ಷಣವನ್ನು ಕೂಗಿ ಹೇಳಲು ಇನ್ನೊಬ್ಬರಿಗೆ, ನೀರಿನ ಮಟ್ಟಕ್ಕೆ ಲೋಟದ ಮೇಲೆ ಗುರುತು ಹಾಕಲು ಮತ್ತೊಬ್ಬರಿಗೆ ಹೇಳಿ. ಬತ್ತಿ ಉರಿಯುತ್ತಿರುವಾಗ, ಅಂದರೆ ಆಮ್ಲಜನಕ ನಿಜವಾಗಿ ಖರ್ಚಾಗುತ್ತಿರುವಾಗ, ನೀರು ಬಹಳ ಕಡಿಮೆ ಏರುತ್ತದೆ. ಆರಿದ ಮೇಲೆಯೇ ಸರ್ರನೆ ಏರುತ್ತದೆ. ಬಳಿಕ ಬತ್ತಿಯೇ ಇಲ್ಲದೆ ಮಾಡಿಸಿ: ಲೋಟವನ್ನು ಬಿಸಿನೀರಿನಲ್ಲಿ ಚೆನ್ನಾಗಿ ಕಾಯಿಸಿ, ನೀರು ಚೆಲ್ಲಿ, ತಣ್ಣೀರಿನ ತಟ್ಟೆಯಲ್ಲಿ ಕವುಚಿಡಿ. ಏನೂ ಉರಿಯದಿದ್ದರೂ ನೀರು ಏರುವುದನ್ನು ಕಂಡ ಮೇಲೆ ಆಮ್ಲಜನಕದ ಮಾತನ್ನು ಅವರೇ ಕೈಬಿಡುತ್ತಾರೆ.

ಉತ್ತರ 3

ಕಾಗದದ ಪಟ್ಟಿಯ ಪ್ರಶ್ನೆಗೆ. ವೇಗದ ಗಾಳಿಯಲ್ಲಿ ಒತ್ತಡ ಕಡಿಮೆ ಎಂಬ ಮಾತಿಗೆ ಮೂಲವಾದದ್ದು ವಿಜ್ಞಾನಿ ಡೇನಿಯಲ್ ಬರ್ನೌಲಿ 1738ರ ತಮ್ಮ ಗ್ರಂಥದಲ್ಲಿ ಮಂಡಿಸಿದ ತತ್ವ. ಅದು ಸರಿಯಾಗಿಯೇ ಇದೆ. ಅದನ್ನು ಅನ್ವಯಿಸುವ ರೀತಿಯಲ್ಲಿ ಎಡವಟ್ಟಾಗುತ್ತದೆ. ಒಂದೇ ಹರಿವಿನ ದಾರಿಯಲ್ಲಿ ಸಾಗುವ ಗಾಳಿ, ಹೊರಗಿನಿಂದ ಶಕ್ತಿ ಪಡೆಯದೆ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ ವೇಗ ಹೆಚ್ಚಿಸಿಕೊಂಡರೆ ಅಲ್ಲಿ ಒತ್ತಡ ಇಳಿದಿರುತ್ತದೆ ಎಂಬುದಷ್ಟೇ ಆ ತತ್ವದ ಮಾತು. ಬಾಯಿಂದ ಹೊರಟ ಗಾಳಿಗೆ ಶಕ್ತಿ ಕೊಟ್ಟದ್ದು ಶ್ವಾಸಕೋಶ. ಅದನ್ನು ಪಟ್ಟಿಯ ಕೆಳಗೆ ಸುಮ್ಮನೆ ನಿಂತಿರುವ ಗಾಳಿಯ ಜೊತೆ ಇಟ್ಟು, ಇದು ವೇಗ, ಅದು ನಿಧಾನ, ಆದ್ದರಿಂದ ಇದರ ಒತ್ತಡ ಕಡಿಮೆ ಎಂದು ತೂಗುವಂತಿಲ್ಲ. ಬಾಯಿಂದಲೋ ಫ್ಯಾನಿನಿಂದಲೋ ತೆರೆದ ಜಾಗಕ್ಕೆ ಬಂದು ನೇರವಾಗಿ ಹರಿಯುವ ಗಾಳಿಯ ಒತ್ತಡ ಹೆಚ್ಚುಕಡಿಮೆ ಸುತ್ತಲಿನ ಗಾಳಿಯಷ್ಟೇ ಇರುತ್ತದೆ. ಆ ಹುಡುಗಿಗೆ ಇದನ್ನೇ ಹೇಳಿ. ಅವಳ ಸಂಶಯ ನ್ಯಾಯವಾದದ್ದು.

ಹಾಗಾದರೆ ಪಟ್ಟಿ ಏಳುವುದು ಏಕೆ? ಪಟ್ಟಿ ತುಟಿಯಿಂದ ಹೊರಟು ಕೆಳಕ್ಕೆ ಬಾಗಿರುತ್ತದೆ ಎಂಬುದನ್ನು ಗಮನಿಸಿ. ಊದಿದ ಗಾಳಿ ಆ ಬಾಗಿದ ಮೈಗೆ ಅಂಟಿಕೊಂಡೇ ಕೆಳಕ್ಕೆ ತಿರುಗುತ್ತದೆ. ಗಾಳಿ ಬಾಗಿ ಹರಿಯಬೇಕಾದರೆ ಬಾಗಿನ ಹೊರಮಗ್ಗುಲಲ್ಲಿ ಒತ್ತಡ ಹೆಚ್ಚು, ಒಳಮಗ್ಗುಲಲ್ಲಿ ಕಡಿಮೆ ಇರಲೇಬೇಕು. ಒಳಮಗ್ಗುಲಲ್ಲಿರುವುದು ಕಾಗದದ ಮೇಲ್ಮೈ. ಅಲ್ಲಿ ಒತ್ತಡ ತುಸು ಇಳಿಯುತ್ತದೆ, ಕೆಳಗಿನ ಗಾಳಿ ಪಟ್ಟಿಯನ್ನು ಎತ್ತುತ್ತದೆ. ಹರಿವು ಹೀಗೆ ಬಾಗಿದ ಮೈಗೆ ಅಂಟುವುದಕ್ಕೆ ರೊಮೇನಿಯಾದ ಎಂಜಿನಿಯರ್ ಆನ್ರಿ ಕೊಆಂಡ ಅವರ ಹೆಸರು ನಿಂತಿದೆ. ಬಾಟಲಿಯ ಹಿಂದೆ ಮೇಣದಬತ್ತಿ ಇಟ್ಟು ಮುಂದಿನಿಂದ ಊದಿದರೂ ಬತ್ತಿ ಆರುವುದು ಇದರಿಂದಲೇ. ಬಾಟಲಿಯ ಬದಲು ಅಷ್ಟೇ ಅಗಲದ ಚಪ್ಪಟೆ ರಟ್ಟು ಇಟ್ಟರೆ ಜ್ವಾಲೆ ಆರುವುದಿಲ್ಲ, ಎಷ್ಟೋ ಸಲ ಊದಿದವರ ಕಡೆಗೇ ವಾಲುತ್ತದೆ.

ಹೇರ್ ಡ್ರೈಯರ್ ಮೇಲೆ ತೇಲುವ ಟೇಬಲ್ ಟೆನ್ನಿಸ್ ಚೆಂಡೂ ಈ ಗುಂಪಿಗೇ ಸೇರಿದ್ದು. ಚೆಂಡಿನ ವ್ಯಾಸ 40 ಮಿಲಿಮೀಟರ್, ತೂಕ 2.7 ಗ್ರಾಂ; ಅದನ್ನು ಎತ್ತಿಹಿಡಿಯಲು ಇಪ್ಪತ್ತು ಪ್ಯಾಸ್ಕಲ್ ಆಸುಪಾಸಿನ ಒತ್ತಡದ ವ್ಯತ್ಯಾಸ ಸಾಕು. ಚೆಂಡು ಬಲಕ್ಕೆ ಸರಿದಾಗ ಏನಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸಲು, ಚೆಂಡಿನ ಮೇಲ್ಗಡೆ ಹೊಲಿಗೆ ದಾರದ ಒಂದು ತುಂಡನ್ನು ಕಡ್ಡಿಗೆ ಕಟ್ಟಿ ಹಿಡಿಯಿರಿ. ಹರಿವು ಚೆಂಡನ್ನು ಸುತ್ತಿ ಬಲಕ್ಕೆ ಬಾಗುವುದರಿಂದ ದಾರವೂ ಬಲಕ್ಕೆ ವಾಲುತ್ತದೆ. ಗಾಳಿಯನ್ನು ಬಲಕ್ಕೆ ತಳ್ಳಿದ ಚೆಂಡು ತಾನು ಎಡಕ್ಕೆ, ಅಂದರೆ ಮತ್ತೆ ನಡುವಿಗೆ ಬರುತ್ತದೆ. ಡ್ರೈಯರನ್ನು ನಿಧಾನವಾಗಿ ಓರೆ ಮಾಡಿದರೂ ಚೆಂಡು ಬಹಳ ಹೊತ್ತು ಬೀಳದಿರುವುದು ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುತ್ತದೆ. ತಣ್ಣನೆಯ ಗಾಳಿಯ ಸ್ವಿಚ್ಚನ್ನೇ ಬಳಸಿ, ಗಾಳಿ ಒಳಗೆಳೆದುಕೊಳ್ಳುವ ಹಿಂಭಾಗವನ್ನು ಕೈಯಿಂದ ಮುಚ್ಚಬೇಡಿ.

ಬರ್ನೌಲಿ ತತ್ವವನ್ನು ನಿಜವಾಗಿಯೇ ತೋರಿಸಬೇಕೆಂದರೆ ಆಲಿಕೆಯ ಪ್ರಯೋಗ ಮಾಡಿಸಿ. ಆಲಿಕೆಯ ಅಗಲ ಬಾಯಿಯನ್ನು ಕೆಳಮುಖವಾಗಿ ಹಿಡಿದು, ಒಳಗೆ ಚೆಂಡನ್ನು ಬೆರಳಿನಿಂದ ಒತ್ತಿಟ್ಟು, ಕೊಳವೆಯಿಂದ ಜೋರಾಗಿ ಊದುತ್ತಾ ಬೆರಳು ತೆಗೆಯಿರಿ. ಚೆಂಡು ಹಾರಿಹೋಗಬೇಕೆಂದು ಎಲ್ಲರೂ ಎಣಿಸುತ್ತಾರೆ, ಅದು ಊದುತ್ತಿರುವಷ್ಟು ಹೊತ್ತೂ ಒಳಗೇ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಗಾಳಿ ಚೆಂಡಿಗೂ ಆಲಿಕೆಯ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ವೇಗ ಪಡೆದು, ಅಗಲವಾದ ಕಡೆ ನಿಧಾನವಾಗಿ ಹೊರಗಿನ ಒತ್ತಡಕ್ಕೆ ಮರಳುತ್ತದೆ. ಒಂದೇ ಹರಿವಿನ ಎರಡು ಜಾಗಗಳನ್ನು ಹೋಲಿಸುತ್ತಿರುವುದರಿಂದ ಇಲ್ಲಿ ಆ ತತ್ವ ಸಲ್ಲುತ್ತದೆ.

ಉತ್ತರ 4

ಮೇಲಿನ ವಿವರಣೆ ಸರಿಯಿರಬಹುದು, ಆದರೆ ಹತ್ತು ವರ್ಷದ ಮಕ್ಕಳಿಗೆ ಹರಿವಿನ ದಾರಿ, ಬಾಗು, ಒಳಮಗ್ಗುಲು, ಹೊರಮಗ್ಗುಲು ಎಂದೆಲ್ಲ ಹೇಳುವುದು ಭಾರವಾಗುವುದಿಲ್ಲವೇ? ‘ವೇಗದ ಗಾಳಿ, ಕಡಿಮೆ ಒತ್ತಡ’ ಎಂಬ ಸರಳ ಸೂತ್ರವನ್ನು ಈಗ ಕೊಟ್ಟು, ಮೇಲಿನ ತರಗತಿಗಳಲ್ಲಿ ತಿದ್ದಿಕೊಳ್ಳಲಿ ಎಂದು ಬಿಡಬಹುದು. ಮಕ್ಕಳಲ್ಲಿ ಕುತೂಹಲ ಹುಟ್ಟಿಸುವುದು ಮುಖ್ಯವಲ್ಲವೇ?

ಉತ್ತರ 3ನ್ನು ಬರೆದವರಿಂದ

ಸರಳಗೊಳಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಸರಳ ಸೂತ್ರವು ಮುಂದಿನ ನಿಮಿಷದಲ್ಲಿ ಮಕ್ಕಳು ತಾವೇ ಮಾಡುವ ಪ್ರಯೋಗದಲ್ಲಿ ಸುಳ್ಳಾಗಬಾರದು. ಅದೇ ಬಾಗಿದ ಪಟ್ಟಿಯ ಕೆಳಭಾಗಕ್ಕೆ ಊದಲು ಹೇಳಿ. ಸೂತ್ರದ ಪ್ರಕಾರ ಈಗ ಕೆಳಗೆ ವೇಗದ ಗಾಳಿ ಇರುವುದರಿಂದ ಪಟ್ಟಿ ಇನ್ನಷ್ಟು ಕೆಳಗಿಳಿಯಬೇಕು, ಅದು ಮೇಲೇಳುತ್ತದೆ. ಬಳಿಕ ಒಂದು ಹಾಳೆಯನ್ನು ನೇರವಾಗಿ ತೂಗುಬಿಟ್ಟು, ಅದರ ಒಂದು ಮುಖಕ್ಕೆ ಸಮಾನಾಂತರವಾಗಿ ಮೇಲಿನಿಂದ ಕೆಳಕ್ಕೆ ಊದಲು ಹೇಳಿ. ಒಂದು ಕಡೆ ವೇಗದ ಗಾಳಿ, ಇನ್ನೊಂದು ಕಡೆ ನಿಂತ ಗಾಳಿ. ಆದರೂ ಹಾಳೆ ಊದಿದ ಕಡೆಗೆ ವಾಲಿ ಬರುವುದಿಲ್ಲ, ಏಕೆಂದರೆ ಇಲ್ಲಿ ಬಾಗು ಇಲ್ಲ.

ಸೂತ್ರವೇ ಬೇಕೆಂದರೆ ಇದನ್ನು ಕೊಡಬಹುದು: ಕಾಗದ ಗಾಳಿಯನ್ನು ಕೆಳಕ್ಕೆ ತಿರುಗಿಸಿದರೆ, ಗಾಳಿ ಕಾಗದವನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನಿಂದ ಊದಿದರೂ ಕೆಳಗಿನಿಂದ ಊದಿದರೂ ಈ ಮಾತು ನಿಲ್ಲುತ್ತದೆ, ಮತ್ತು ಇದು ‘ವೇಗ, ಒತ್ತಡ’ ಎಂಬುದಕ್ಕಿಂತ ಯಾವ ರೀತಿಯಲ್ಲೂ ಕಷ್ಟವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ತೂತಿನ ಕಪ್ಪು ಮತ್ತು ಪಟ್ಟಿಯ ಕೆಳಗೆ ಊದುವ ಪರೀಕ್ಷೆ, ಇವೆರಡನ್ನೂ ಖಂಡಿತ ಮಾಡಿಸುತ್ತೇನೆ. ಇನ್ನೊಂದು ವಿಷಯ ಉಳಿದಿದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ಸ್ಟ್ರಾ ಅಂಟಿಸಿ, ಸ್ಟ್ರಾದ ತುದಿಯ ಏರಿಳಿತದಿಂದ ವಾಯುಭಾರ ಅಳೆಯುವ ಸಾಧನ ಮಾಡಬಹುದೆಂದು ಓದಿದ್ದೇನೆ. ಅದು ನಿಜವಾಗಿ ವಾಯುಭಾರವನ್ನೇ ತೋರಿಸುತ್ತದೆಯೇ? ಹಾಗೆಯೇ ಬಿಸಿನೀರಿನಿಂದ ಪ್ಲಾಸ್ಟಿಕ್ ಬಾಟಲಿ ಕುಗ್ಗಿಸುವುದು ಮಕ್ಕಳಿಗೆ ಸುರಕ್ಷಿತವೇ?

ಉತ್ತರ 5

ಬಲೂನು ಕಟ್ಟಿದ ಬಾಟಲಿ ವಾಯುಭಾರಕ್ಕಿಂತ ಹೆಚ್ಚಾಗಿ ತಾಪಮಾನವನ್ನೇ ತೋರಿಸುತ್ತದೆ. ಮುಚ್ಚಿದ ಬಾಟಲಿಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ಒತ್ತಡ ಸುಮಾರು 340 ಪ್ಯಾಸ್ಕಲ್ ಏರುತ್ತದೆ. ಹವೆಯ ಬದಲಾವಣೆಯಿಂದ ಹೊರಗಿನ ಒತ್ತಡ ಏರಿಳಿಯುವುದು ಸಾಮಾನ್ಯವಾಗಿ ಕೆಲವು ನೂರರಿಂದ ಒಂದೆರಡು ಸಾವಿರ ಪ್ಯಾಸ್ಕಲ್ ಮಾತ್ರ, ಹಾಗಾಗಿ ಕೋಣೆ ಮೂರು ಡಿಗ್ರಿ ಬೆಚ್ಚಗಾದರೂ ಸ್ಟ್ರಾ ದೊಡ್ಡ ಹವೆಯ ಬದಲಾವಣೆಯಷ್ಟೇ ಅಲುಗಾಡುತ್ತದೆ. ಬಾಟಲಿಯನ್ನು ಅಂಗೈಗಳಿಂದ ಸುತ್ತಿ ಹಿಡಿಯಲು ಮಕ್ಕಳಿಗೆ ಹೇಳಿ. ಸ್ಟ್ರಾದ ತುದಿ ಕೆಳಗಿಳಿಯುವುದು ಕಾಣುತ್ತದೆ, ಹೊರಗಿನ ವಾಯುಭಾರ ಮಾತ್ರ ಕದಲಿರುವುದಿಲ್ಲ.

ಹಾಗೆಂದು ಸಾಧನವನ್ನು ಎಸೆಯಬೇಕಾಗಿಲ್ಲ. ಬಾಟಲಿಯನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿಟ್ಟರೆ ತಾಪಮಾನ ಬೇಗ ಬದಲಾಗುವುದಿಲ್ಲ. ಅದೇ ನೀರಿನಲ್ಲಿ ತಾಪಮಾಪಕವನ್ನೂ ಇಟ್ಟು, ತಾಪಮಾನ ಒಂದೇ ಇದ್ದ ದಿನಗಳ ಗುರುತುಗಳನ್ನು ಮಾತ್ರ ಒಂದರೊಡನೊಂದು ಹೋಲಿಸಬೇಕು. 1648ರಲ್ಲಿ ಬ್ಲೇಸ್ ಪ್ಯಾಸ್ಕಲ್ ಅವರ ಕೋರಿಕೆಯಂತೆ ಅವರ ಭಾವ ಫ್ಲೋರಿನ್ ಪೆರಿಯೆ ವಾಯುಭಾರ ಅಳೆಯುವ ಪಾದರಸದ ಕೊಳವೆಯನ್ನು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟದ ಮೇಲೆ ಒಯ್ದು, ಎತ್ತರಕ್ಕೆ ಹೋದಂತೆ ಪಾದರಸ ಇಳಿಯುವುದನ್ನು ತೋರಿಸಿದಾಗ, ಇನ್ನೊಂದು ಕೊಳವೆಯನ್ನು ಬೆಟ್ಟದ ಕೆಳಗೇ ಇರಿಸಿ ದಿನವಿಡೀ ಒಬ್ಬರು ಅದನ್ನು ಕಾಯುವಂತೆ ಏರ್ಪಾಡು ಮಾಡಿದ್ದರು. ಕೆಳಗಿನ ಕೊಳವೆ ಕದಲಲಿಲ್ಲ ಎಂಬುದರಿಂದಲೇ ಮೇಲಿನ ಇಳಿತಕ್ಕೆ ಎತ್ತರವೇ ಕಾರಣವೆಂದು ಹೇಳಲು ಸಾಧ್ಯವಾಯಿತು. ಮಕ್ಕಳು ಎರಡು ಸಾಧನ ಮಾಡಿ, ಒಂದನ್ನು ನೀರಿನ ಪಾತ್ರೆಯಲ್ಲಿಯೂ ಇನ್ನೊಂದನ್ನು ಹೊರಗೂ ಇಟ್ಟರೆ, ಯಾವ ಏರಿಳಿತ ಶಾಖದ್ದು, ಯಾವುದು ವಾಯುಭಾರದ್ದು ಎಂದು ಬೇರ್ಪಡಿಸಲು ಕಲಿಯುತ್ತಾರೆ.

ಪ್ಲಾಸ್ಟಿಕ್ ಬಾಟಲಿಯ ಪ್ರಯೋಗಕ್ಕೆ ಕುದಿಯುವ ನೀರು ಬೇಡ. ಬಾಟಲಿ ಬರಿಯ ಶಾಖಕ್ಕೇ ಮೆತ್ತಗಾಗಿ ಸೊಟ್ಟಗಾದರೆ ಒತ್ತಡದಿಂದ ಆದದ್ದೆಷ್ಟು ಎಂದು ಗೊತ್ತಾಗುವುದಿಲ್ಲ. 60 ಡಿಗ್ರಿಯ ನೀರು ಸಾಕು, ಏಕೆಂದರೆ ಆ ಬಿಸಿಯಲ್ಲಿ ನೀರಾವಿಯ ಒತ್ತಡವೇ ಸುಮಾರು 20,000 ಪ್ಯಾಸ್ಕಲ್, ಅಂದರೆ ವಾತಾವರಣದ ಐದನೇ ಒಂದು ಭಾಗ, ಮತ್ತು ಬಾಟಲಿ ತಣಿದಾಗ ಆ ನೀರಾವಿಯ ಬಹುಪಾಲು ಮತ್ತೆ ನೀರಾಗಿ ಒಳಗಿನ ಒತ್ತಡ ಇಳಿಯುತ್ತದೆ. ನೀರು ಹಾಕಿ ಕುಲುಕುವ ಮತ್ತು ಚೆಲ್ಲುವ ಕೆಲಸವನ್ನು ಮುಚ್ಚಳ ಹಾಕದೆ ದೊಡ್ಡವರೇ ಮಾಡಬೇಕು; ಚೆಲ್ಲಿದ ಕೂಡಲೇ ಮುಚ್ಚಳ ಬಿಗಿದು ಮಕ್ಕಳ ಕೈಗೆ ಕೊಡಬಹುದು. ತಣ್ಣೀರಿನ ಕೆಳಗೆ ಹಿಡಿದಾಗ ಬಾಟಲಿಯ ಪಕ್ಕಗಳು ಲಟಲಟನೆ ಒಳಕ್ಕೆ ಹೋಗುತ್ತವೆ. ಗಾಜಿನ ಬಾಟಲಿಯಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಿಸಬೇಡಿ, ಬಿಸಿಯಾದ ಗಾಜಿಗೆ ತಣ್ಣೀರು ತಾಗಿದರೆ ಬಿರಿಯಬಹುದು. ಕುಗ್ಗಿದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಮಕ್ಕಳೇ ಸಡಿಲಿಸಲಿ. ಗಾಳಿ ಒಳನುಗ್ಗುವ ಸದ್ದನ್ನು ಅವರು ಕಿವಿಯಿಂದಲೇ ಕೇಳಬಹುದು.